ಕಾಗದದ ಮೇಲೆ ಅಕ್ಕನ ಹಾಡು

ಮಾಸ್ತರರು ಮೊದಲ ಸಲ ನಮ್ಮ ಮನೆಗೆ ಬಂದಾಗ ಕಂಕುಳಲ್ಲಿ ಕಾಗದದ ಸುರುಳಿಯೊಂದಿತ್ತು. ರಾಮದುರ್ಗದ ನಮ್ಮ ಓಣಿಗೆ ಸುರುಳಿ ಹಿಡಿದು ಬರುವವರು ಅಂದರೆ ಸೆರಗಿಗೆ ಹೊಸ ನಕ್ಷೆ ತಂದ ವ್ಯಾಪಾರಿಗಳು. ನಾನೂ ಹಾಗೆಂದುಕೊಂಡು ಕೈ ಚಾಚಿದೆ. ಬಿಚ್ಚಿ ನೋಡಿದರೆ ಬಳ್ಳಿ ಇಲ್ಲ, ನವಿಲಿಲ್ಲ, ಕಾಗದದ ಉದ್ದಕ್ಕೂ ಬರೀ ತೂತುಗಳು.

"ಇದು ಯಾವ ಸೀರೀದ್ರಿ?" ಎಂದು ಕೇಳಿದೆ.

"ಸೀರೀದಲ್ಲಪಾ, ಇದು ಹಾಡು," ಅಂದರು ಅವರು.

ಜಕಾರ್ಡ್ ಮಗ್ಗಕ್ಕೆ ರಟ್ಟಿನ ಕಾರ್ಡುಗಳಲ್ಲಿ ತೂತು ಹೊಡೆದುಕೊಡುವುದು ನನ್ನ ಕೆಲಸ. ತೂತಿದ್ದಲ್ಲಿ ಎಳೆ ಮೇಲೇಳುತ್ತದೆ, ಇಲ್ಲದಲ್ಲಿ ಕೆಳಗೇ ಉಳಿಯುತ್ತದೆ, ಹಾಗೆ ಸೆರಗಿನ ಮೇಲೆ ಚಿತ್ರ ಮೂಡುತ್ತದೆ. ತೂತಿನಿಂದ ಹಾಡು ಹೇಗೆ ಮೂಡೀತು ಎಂದು ನನಗೆ ತಿಳಿಯಲಿಲ್ಲ. ಮಾಸ್ತರರು ಕಟ್ಟೆಯ ಮೇಲೆ ಕೂತು ವಿವರಿಸಿದರು. ಅವರು ಸವದತ್ತಿಯ ಸಾಲೆಯಲ್ಲಿ ಹಾಡು ಕಲಿಸುವವರು. ಸಂಸ್ಥಾನ ವಿಲೀನವಾದ ಮೇಲೆ ನಮ್ಮೂರಿನ ದೊಡ್ಡ ಮನೆಯೊಂದರವರು ಸಾಮಾನು ಮಾರುವಾಗ ತಾನೇ ನುಡಿಯುವ ಪಿಯಾನೋ ಒಂದನ್ನು ಕೊಂಡು, ಚಕ್ಕಡಿಯಲ್ಲಿ ಹುಲ್ಲು ಹಾಸಿ ಊರಿಗೆ ಒಯ್ದಿದ್ದರು. ಕೆಳಗಿನ ಪೆಡಲು ತುಳಿದರೆ ಅದರ ಹೊಟ್ಟೆಯೊಳಗಿನ ತಿದಿಗಳು ಗಾಳಿ ಎಳೆಯುತ್ತವೆ. ಕಾಗದ ಮೇಲಿನ ಉರುಳೆಯಿಂದ ಕೆಳಗಿನ ಉರುಳೆಗೆ ಸುತ್ತಿಕೊಳ್ಳುತ್ತ, ನಡುವೆ ಸಾಲು ತೂತುಗಳಿರುವ ಹಿತ್ತಾಳೆ ಪಟ್ಟಿಯ ಮೇಲೆ ಹಾಯುತ್ತದೆ. ಕಾಗದದ ತೂತು ಪಟ್ಟಿಯ ತೂತಿಗೆ ಕೂಡಿದಾಗ ಗಾಳಿ ಒಳಗೆ ನುಗ್ಗಿ, ಆ ಸ್ವರದ ಸುತ್ತಿಗೆ ಹೋಗಿ ತಂತಿಗೆ ಬಡಿಯುತ್ತದೆ. ಪಿಯಾನೋದ ಜೊತೆ ಬಂದ ಸುರುಳಿಗಳೆಲ್ಲ ಬಿಳಿಯರು ಕುಣಿಯುವ ಹಾಡಿನವು. ಮಾಸ್ತರರಿಗೆ ಬೇಕಾಗಿದ್ದದ್ದು ಬೇರೆ.

"ಒಂದ ಹಾಡು ಮೂರು ಲಯದಾಗ ಒಮ್ಮೆಲೇ ನಡೀಬೇಕು. ಒಂದು ನಿಧಾನ, ಒಂದು ನಡುವಿಂದು, ಒಂದು ಓಡೂದು. ಮೂರೂ ಒಂದ ಕಡೆ ಬಂದು ಮುಗೀಬೇಕು. ಹತ್ತು ಬೆರಳಿಗೆ ಇದು ದಕ್ಕೂದಿಲ್ಲ. ಮೂರು ಮಂದಿನ್ನ ಕೂಡಿಸಿದ್ರ ಒಬ್ಬರದು ಒಬ್ಬರು ಕೇಳಿ ಹಾದಿ ತಪ್ಪತಾರ. ಕಾಗದಕ್ಕ ಕಿವಿ ಇಲ್ಲ ನೋಡು, ಅದು ತಪ್ಪೂದಿಲ್ಲ," ಅಂದರು.

ಹಾಡು ಯಾರೂ ಕೇಳಿರದ್ದಾಗಿರಬೇಕು, ಯಾವ ರಾಗದ ನೆರಳೂ ಇರಬಾರದು ಎಂಬುದು ಅವರ ಇನ್ನೊಂದು ಹಟ. ಅಷ್ಟು ಹೊತ್ತಿಗೆ ನಾನು ಅವರ ಉತ್ಸಾಹಕ್ಕೆ ಸಿಕ್ಕಿಬಿದ್ದಿದ್ದೆ. ನನ್ನ ತೂತಿನ ಕೆಲಸವನ್ನು ಹುಡುಕಿಕೊಂಡು ಸವದತ್ತಿಯಿಂದ ಒಬ್ಬ ಕಲಿತ ಮನುಷ್ಯ ಬಂದದ್ದು ತಲೆಗೇರಿತ್ತು. "ನಮ್ಮಕ್ಕ ಒಂದು ಹಾಡತಾಳ್ರಿ," ಎಂದುಬಿಟ್ಟೆ.

ಅಕ್ಕ ಒಳಗೆ ರಾಟೆಯ ಮುಂದೆ ಕೂತು ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ಗಂಡ ತೀರಿದ ಮೇಲೆ ನಮ್ಮ ಮನೆಗೆ ಬಂದವಳು. ಅದಕ್ಕೂ ಮುಂಚೆ, ಗಂಡನ ಮನೆಯಲ್ಲಿದ್ದಾಗಲೇ ಅವಳ ಮಗಳು ಉಬ್ಬಸದಿಂದ ತೀರಿಕೊಂಡಿದ್ದಳು. ಇನ್ನೂ ಸರಿಯಾಗಿ ಮಾತು ಬಾರದ ಕೂಸು. ನಾನು ಅದನ್ನು ನೋಡಿದ್ದು ತೊಟ್ಟಿಲ ಕಾರ್ಯದಲ್ಲಿ ಒಮ್ಮೆ ಮಾತ್ರ. ಫೋಟೋ ಇಲ್ಲ, ತಲೆಗೆ ಹಾಕುತ್ತಿದ್ದ ಕುಲಾವಿಯನ್ನು ಯಾರಿಗೋ ಕೊಟ್ಟಿದ್ದರು. ಮಲಗಿಸುವಾಗ ಹಾಡುತ್ತಿದ್ದ ನಾಲ್ಕು ಸಾಲಿನ ಹಾಡೊಂದೇ ಅವಳ ಹತ್ತಿರ ಉಳಿದದ್ದು. ಅದನ್ನು ಅವಳು ಯಾರ ಮುಂದೆಯೂ ಹಾಡುತ್ತಿರಲಿಲ್ಲ, ರಾಟೆಯ ಸದ್ದಿನ ಮರೆಯಲ್ಲಿ ಹಾಡಿಕೊಳ್ಳುತ್ತಿದ್ದಳು. ಮನೆಯವರು ಕೇಳಿಯೂ ಕೇಳದವರಂತೆ ಇರುತ್ತಿದ್ದೆವು.

ಅವಳೊಬ್ಬಳೇ ಇದ್ದಾಗ ಕೇಳಬಹುದಿತ್ತು. ನಾನು ಮಾಸ್ತರರ ಎದುರಿಗೇ ಕೇಳಿದೆ. ಹೊರಗಿನವರ ಮುಂದೆ ಅಕ್ಕ ನನ್ನ ಮಾತು ತೆಗೆದುಹಾಕುವವಳಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

"ಅದೇನು ದೊಡ್ಡ ಹಾಡ್ರಿ, ಕೂಸಿಗೆ ಅಂದದ್ದು," ಎಂದು ಅವಳು ಸೆರಗು ಸರಿಮಾಡಿಕೊಂಡಳು. ಆಮೇಲೆ ನನ್ನ ಕಡೆ ನೋಡಿ, "ನಿನ್ನ ಕೆಲಸಕ್ಕ ಬರತೈತೇನು ತಮ್ಮಾ?" ಎಂದು ಕೇಳಿದಳು.

"ಬರತೈತಿ."

"ಹಂಗಾರ ಹಾಡತೇನಿ ತಗೋ."

ಮೊದಲು ಕಾಗದವೇ ನಮ್ಮನ್ನು ಆಟ ಆಡಿಸಿತು. ಪೇಟೆಯಲ್ಲಿ ಸಿಗುವ ಕಂದು ಕಾಗದ ಮಳೆಗಾಲದ ಗಾಳಿಗೆ ಅಗಲವಾಗಿ, ತೂತುಗಳು ಹಿತ್ತಾಳೆ ಪಟ್ಟಿಗೆ ಕೂಡದೆ ಪಕ್ಕದ ಸ್ವರಕ್ಕೆ ಹೋಗಿ ಕೂತವು. ಅರಗಿನ ನೀರು ಬಳಿದು ಒಣಗಿಸಿದೆ, ಸುತ್ತುವಾಗ ಹಪ್ಪಳದಂತೆ ಬಿರುಕುಬಿಟ್ಟಿತು. ಕೊನೆಗೆ ಮಾಸ್ತರರು ಬೆಳಗಾವಿಯಿಂದ ತೆಳುವಾದರೂ ಗಟ್ಟಿಯಾದ ಕಾಗದ ತರಿಸಿದರು. ಹೆಚ್ಚು ಸಿಗಲಿಲ್ಲ, ಮೂರು ಸುರುಳಿಗೆ ಸಾಕಾಗುವಷ್ಟು. ನನ್ನ ಕಾರ್ಡಿನ ಉಳಿ ಇದಕ್ಕೆ ತೀರ ದಪ್ಪ. ನಮ್ಮ ಓಣಿಯ ಅಕ್ಕಸಾಲಿ ಪತ್ತಾರ ಹಳೆಯ ಸುರುಳಿಯ ಮೇಲೆ ಅಳತೆ ಇಟ್ಟು ಸಣ್ಣ ಉಕ್ಕಿನ ಉಳಿಯನ್ನೂ, ಅದು ಇಳಿಯಲು ಒಂದೇ ಅಂತರದ ತೂತುಗಳಿರುವ ಹಿತ್ತಾಳೆ ತಗಡನ್ನೂ ಮಾಡಿಕೊಟ್ಟ. ಸ್ವರ ಎಳೆಯಬೇಕಾದಲ್ಲಿ ಉದ್ದ ಸೀಳು ಹಾಕಿದರೆ ಕಾಗದ ಹರಿಯುತ್ತದೆ, ಅದಕ್ಕೆ ತೂತಿನ ಪಕ್ಕ ತೂತು, ನಡುವೆ ಕೂದಲಷ್ಟು ಕಾಗದ ಬಿಟ್ಟು ಹೊಡೆಯಬೇಕು. ಈ ಕೆಲಸ ನನಗೆ ಬಲು ಹಿಡಿಸಿತು ಎಂಬುದನ್ನು ಮುಚ್ಚಿಡುವುದಿಲ್ಲ.

ಹಾಡನ್ನು ಅಳೆಯಲು ನಾವು ಕಂಡುಕೊಂಡ ಉಪಾಯ ಹೀಗಿತ್ತು. ಮಗ್ಗದ ಮನೆಯಲ್ಲಿ ರದ್ದಿ ಕಾಗದದ ಉದ್ದನೆಯ ಪಟ್ಟಿಯನ್ನು ಒಂದು ಉರುಳೆಗೆ ಸುತ್ತಿ, ಇನ್ನೊಂದು ತುದಿಯನ್ನು ಬೇರೆ ಉರುಳೆಗೆ ಕಟ್ಟಿದೆವು. ಮಾಸ್ತರರು ಕಾಲಲ್ಲಿ ತಾಳ ಹಾಕುತ್ತ ಒಂದೇ ವೇಗದಲ್ಲಿ ಹಿಡಿಕೆ ತಿರುಗಿಸುವುದು, ಅಕ್ಕ ಹಾಡುವುದು, ಅವಳು ಒಂದೊಂದು ಅಕ್ಷರ ಎತ್ತಿಕೊಂಡಾಗ ನಾನು ಓಡುವ ಕಾಗದದ ಮೇಲೆ ಪೆನ್ಸಿಲ್ಲಿನಿಂದ ಗೆರೆ ಹಾಕುವುದು. ಸ್ವರ ಯಾವುದೆಂದು ಮಾಸ್ತರರು ಆಮೇಲೆ ಹಾರ್ಮೋನಿಯಂ ಪೇಟಿಯ ಮೇಲೆ ಹುಡುಕಿ ಹೇಳುತ್ತಿದ್ದರು.

ಮೊದಲ ದಿನ ಅಕ್ಕ ರಾಟೆ ತಿರುಗಿಸುತ್ತಲೇ ಹಾಡಿದಳು. ಎರಡನೆಯ ಸಾಲು ಮುಗಿದದ್ದೇ ಹಾಡು ನಿಂತಿತು, ರಾಟೆಯೂ ನಿಂತಿತು. ಕಾಗದ ಖಾಲಿ ಓಡುತ್ತಿತ್ತು. ಮರೆತಳೇನೋ ಎಂದು ನಾನು ತಲೆ ಎತ್ತಿದೆ. ಅವಳು ಕತ್ತು ಒಂದಿಷ್ಟು ಬಾಗಿಸಿ ಕೂತಿದ್ದಳು. ಮತ್ತೆ ತಾನಾಗಿಯೇ ಮೂರನೆಯ ಸಾಲು ಎತ್ತಿಕೊಂಡಳು. ಮರುದಿನವೂ ಅದೇ ಜಾಗದಲ್ಲಿ ನಿಂತಳು, ಆದರೆ ನಿಂತ ಹೊತ್ತು ಬೇರೆ. ಆಚೆ ದಿನ ಇನ್ನೂ ಬೇರೆ. ಮೂರು ಪಟ್ಟಿಗಳನ್ನು ಪಕ್ಕಪಕ್ಕ ಹಾಸಿದರೆ ಆ ಜಾಗದಲ್ಲಿ ಒಂದಕ್ಕೊಂದು ತಾಳೆಯೇ ಇಲ್ಲ. ಮೂರು ಲಯದ ಲೆಕ್ಕ ಕೂಡಿಸಬೇಕಾದ ಮಾಸ್ತರರು ತಲೆ ಕೆರೆದುಕೊಂಡರು.

"ತಾಯಿ, ಅಲ್ಲೆ ಯಾಕ ನಿಲ್ಲತೀರಿ?" ಎಂದು ಕೇಳಿದರು.

ಅಕ್ಕನಿಗೆ ಆಶ್ಚರ್ಯವಾಯಿತು. "ನಿಲ್ಲತೇನೇನ್ರಿ?" ಅಂದಳು. ತಪ್ಪು ಮಾಡಿದವಳಂತೆ ನನ್ನ ಮುಖ ನೋಡಿದಳು. "ನನಗ ಗೊತ್ತ ಇಲ್ರಿ. ಇನ್ನ ನಿಲ್ಲಾಂಗಿಲ್ಲ."

ಮತ್ತೂ ನಿಂತಳು. ಆಗ ನಾನು ಮರದ ಅಳತೆಪಟ್ಟಿ ತೆಗೆದುಕೊಂಡು, ಎರಡನೆಯ ಸಾಲು ಮುಗಿಯುವಾಗ ಮಗ್ಗದ ಕಂಬಕ್ಕೆ ಟಕ್ ಎಂದು ಬಡಿಯತೊಡಗಿದೆ. ಬಡಿದ ಕೂಡಲೆ ಅವಳು ಮುಂದಿನ ಸಾಲಿಗೆ ದಾಟಬೇಕು. ಎಷ್ಟು ಸಲ ಹಾಡಿಸಿದೆನೋ, ಲೆಕ್ಕ ಇಟ್ಟಿಲ್ಲ. ಕಂಡಿಕೆಯ ಕೆಲಸ ಬಿಡಿಸಿ ಹಾಡಿಸಿದೆ, ಗಂಟಲು ಕಟ್ಟಿದಾಗ ಬೆಲ್ಲದ ನೀರು ಕೊಟ್ಟು ಹಾಡಿಸಿದೆ. ಕೊನೆಗೊಂದು ದಿನ ಮೊದಲಿನಿಂದ ತುದಿಯವರೆಗೆ ಎಲ್ಲೂ ತಡೆಯದೆ, ಮಗ್ಗಕ್ಕೆ ಬಿಗಿದ ಹಾಸಿನ ಎಳೆಯಂತೆ ನೆಟ್ಟಗೆ ಹಾಡಿದಳು.

"ಈಗ ಚಲೋ ಆತು ನೋಡು," ಅಂದೆ. ನನ್ನ ಬಾಯಿಂದ ಬಂದ ಮಾತುಗಳಲ್ಲಿ ಯಾವುದನ್ನಾದರೂ ಹಿಂದಕ್ಕೆ ನುಂಗುವ ಹಾಗಿದ್ದರೆ ಈ ಮಾತನ್ನೇ ನುಂಗುತ್ತೇನೆ.

ತೂತು ಹೊಡೆಯುವ ಕೆಲಸ ಹಿಡಿದ ಮೇಲೆ ನಾನು ಬೇರೆ ಯಾವುದರ ಕಡೆಗೂ ಕಣ್ಣು ಹಾಯಿಸಲಿಲ್ಲ. ವ್ಯಾಪಾರಿಗಳ ಸೆರಗುಗಳು ಹಿಂದೆ ಬಿದ್ದವು. ರಾಟೆಯೊಂದೇ ತಿರುಗುತ್ತಿದೆ, ಹಾಡು ಕೇಳುತ್ತಿಲ್ಲ ಎಂಬುದು ಕಿವಿಗೆ ಬಿದ್ದಿತ್ತು. ಹಾಡಿ ಹಾಡಿ ದಣಿದಿದ್ದಾಳೆ ಎಂದುಕೊಂಡು ಉಳಿ ಮೇಲೆ ಕೊಡತಿ ಹಾಕುತ್ತ ಹೋದೆ.

ನೋಡೋಣವೆಂದು ಒಂದೇ ಲಯದಲ್ಲಿ ಹೊಡೆದ ಮೊದಲ ಸುರುಳಿ ಕೆಟ್ಟಿತು. ಸವದತ್ತಿಗೆ ಒಯ್ದು ಹಾಕಿದರೆ ಹಾಡು ಸಮಾಧಾನವಾಗಿ ಶುರುವಾಗಿ ಕೊನೆಗೆ ಬಸ್ಸು ಹಿಡಿಯುವವರಂತೆ ಓಡಿತು. ಕಾಗದ ಸುತ್ತಿಕೊಂಡಂತೆ ಕೆಳಗಿನ ಉರುಳೆ ದಪ್ಪವಾಗುತ್ತದೆ, ಒಂದು ಸುತ್ತಿಗೆ ಹೆಚ್ಚು ಕಾಗದ ಎಳೆಯುತ್ತದೆ, ವೇಗ ಏರುತ್ತದೆ. ಬಟ್ಟೆ ಸುತ್ತುವ ಉರುಳೆಯನ್ನು ದಿನವೂ ನೋಡುವ ನನಗೆ ಇದು ಮೊದಲೇ ಹೊಳೆಯಬೇಕಿತ್ತು. ತುದಿಯ ಕಡೆ ಹೋದಂತೆ ತೂತಿನ ಅಂತರ ಅಗಲಿಸುತ್ತ ಎರಡನೆಯ ಸುರುಳಿ ಹೊಡೆದೆ.

ಅದನ್ನು ಕೇಳಿಸಲು ಅಕ್ಕನನ್ನೂ ಕರೆದುಕೊಂಡು ಹೋದೆ. ಬಸ್ಸಿನಲ್ಲಿ ಸುರುಳಿಯನ್ನು ಅವಳೇ ಮಡಿಲಲ್ಲಿ ಇಟ್ಟುಕೊಂಡಿದ್ದಳು. ಮುನವಳ್ಳಿಯಲ್ಲಿ ಬಸ್ಸು ನಿಂತಾಗ ಹತ್ತಿದ ಹೆಂಗಸೊಬ್ಬಳು ಏನದು ಎಂದು ಕೇಳಿದರೆ, "ನಮ್ಮ ತಮ್ಮ ಮಾಡ್ಯಾನ," ಎಂದಳು. ತನ್ನದೆಂದು ಹೇಳಲಿಲ್ಲ.

ಮಾಸ್ತರರು ಪೆಡಲು ತುಳಿದರು. ಮೊದಲ ಸ್ವರ ಬಂತು. ಅಲ್ಲಿಂದ ಅಕ್ಕನ ದನಿ ಮೇಲೇರುವ ಕಡೆ ಪಿಯಾನೋ ಕೆಳಗಿಳಿಯಿತು. ಅವಳು ಇಳಿಯುವ ಕಡೆ ಅದು ಏರಿತು. ಅಳತೆ ಎಲ್ಲ ಸರಿ, ಹಾಡು ಮಾತ್ರ ಬೇರೆ ಯಾವುದೋ ಲೋಕದ್ದು.

"ಇದು ಯಾರ ಹಾಡು?" ಎಂದು ಅಕ್ಕ ನನ್ನನ್ನು ಮೆಲ್ಲಗೆ ಕೇಳಿದಳು.

ನನಗೆ ಕೂಡಲೆ ತಿಳಿಯಿತು. ನಮ್ಮ ಮಗ್ಗಗಳಲ್ಲಿ ಸೆರಗನ್ನು ಬೋರಲಾಗಿ ನೇಯುತ್ತಾರೆ. ಚೆಂದದ ಮುಖ ಕೆಳಗೆ, ನೇಕಾರನಿಗೆ ಕಾಣುವುದು ಹಿಂಬದಿ. ಅದಕ್ಕೆ ಕಾರ್ಡು ಹೊಡೆಯುವವನು ಎಡದ್ದನ್ನು ಬಲಕ್ಕೆ ಬಲದ್ದನ್ನು ಎಡಕ್ಕೆ ಹೊಳ್ಳಿಸಿಯೇ ಹೊಡೆಯುತ್ತಾನೆ. ಅದು ನನ್ನ ಕೈಗೇ ಹತ್ತಿದ ರೂಢಿ, ಯೋಚನೆ ಬೇಕಾಗಿಲ್ಲ. ಮೊದಲ ಸುರುಳಿಯ ಹೊತ್ತಿಗೆ ಹೊಸ ಕೆಲಸವೆಂದು ಮೈಯೆಲ್ಲ ಕಣ್ಣಾಗಿದ್ದೆ. ಎರಡನೆಯದರಲ್ಲಿ ಕೈ ಪಳಗಿತ್ತು, ಹಳೆಯ ರೂಢಿ ಮರಳಿತ್ತು. ಪಿಯಾನೋದಲ್ಲಿ ಎಡಕ್ಕೆ ತಗ್ಗಿನ ಸ್ವರ, ಬಲಕ್ಕೆ ಎತ್ತರದ್ದು. ಅಕ್ಕನ ಹಾಡನ್ನು ನಾನು ಬೋರಲು ಹಾಕಿದ್ದೆ.

ಎದ್ದು ಸುರುಳಿಗೆ ಕೈ ಹಾಕಿ, "ತಪ್ಪಾತ್ರಿ. ಕಾಗದ ಹೊಳ್ಳಿಸಿ ಸುತ್ತಿದ್ರ ಸರಿ ಅಕ್ಕೈತಿ," ಅಂದೆ.

"ಬ್ಯಾಡ, ಮುಟ್ಟಬ್ಯಾಡ," ಎಂದು ಮಾಸ್ತರರು ನನ್ನ ಕೈ ಹಿಡಿದರು. ಅವರ ಕಣ್ಣುಗಳು ಬೆಳಗುತ್ತಿದ್ದವು. "ಇನ್ನೊಮ್ಮೆ ಕೇಳೂಣು. ಇದು ಯಾರ ಕೊರಳಾಗೂ ಹುಟ್ಟೂದಲ್ಲಪಾ. ನಾ ಹುಡುಕಿದ್ದು ಇದನ್ನ."

ಅದನ್ನೇ ಮತ್ತೆ ಮತ್ತೆ ನುಡಿಸಿದರು. ಇದನ್ನೇ ಮೂರು ಲಯದಲ್ಲಿ ಕೂಡಿಸಿ ಹೊಡೆದುಕೊಡು, ಬೈಲಹೊಂಗಲದಲ್ಲಿ ಸಂಗೀತ ಬಲ್ಲವರ ಕೂಟ ಇದೆ, ಅಲ್ಲಿ ನುಡಿಸಿ ನಿನ್ನ ಹೆಸರು ಹೇಳುತ್ತೇನೆ ಅಂದರು. ನಾನು ಉಬ್ಬಿಹೋದೆ. ಸುರುಳಿಯನ್ನು ಒಂದೇ ಒಂದು ಸಲ ಹೊಳ್ಳಿಸಿ, ಅಕ್ಕನ ಹಾಡನ್ನು ಅಕ್ಕನಿಗೆ ಕೇಳಿಸುವುದು ಗಳಿಗೆಯ ಕೆಲಸವಾಗಿತ್ತು. ಅವಳು ಅದಕ್ಕಾಗಿಯೇ ಅಷ್ಟು ದೂರ ಬಂದಿದ್ದಳು. ನನಗೆ ನೆನಪೇ ಆಗಲಿಲ್ಲ, ಅವಳೂ ಕೇಳಲಿಲ್ಲ.

ಊರಿಗೆ ಬಂದ ಕೆಲ ದಿನಕ್ಕೆ, ಮೂರನೆಯ ಸುರುಳಿಗೆ ಗೆರೆ ಎಳೆಯುತ್ತಿದ್ದಾಗ, ರಾಟೆಯ ಸದ್ದಿನಲ್ಲಿ ಅಕ್ಕನ ದನಿ ಕೇಳಿತು. ಸಂತೋಷವಾಗಿ ಕೈ ನಿಲ್ಲಿಸಿದೆ. ಮೊದಲ ಸಾಲಿನಲ್ಲೇ, ಏರಬೇಕಾದಲ್ಲಿ ಇಳಿದಳು. ತಡೆದಳು. ಮತ್ತೆ ಶುರುಮಾಡಿದಳು, ಮತ್ತೆ ಇಳಿಯಿತು. ಮೂರನೆಯ ಸಲ ಸರಿಯಾಗಿ ಏರಿದಳು, ಆದರೆ ಎರಡನೆಯ ಸಾಲಿನ ತುದಿಗೆ ನನ್ನ ಅಳತೆಪಟ್ಟಿ ಬಡಿದಂತೆಯೇ ಠಕ್ಕನೆ ದಾಟಿಹೋದಳು. ರಾಟೆ ನಿಂತಿತು. ಎದ್ದು ಬಂದು ಬಾಗಿಲಲ್ಲಿ ನಿಂತಳು.

"ತಮ್ಮಾ, ಅದು ಹೆಂಗಿತ್ತು?"

"ಯಾವುದು?"

"ನನ್ನ ಹಾಡು."

ನಾನು ಹಾಡಿ ತೋರಿಸಿದೆ. ನನಗೆ ಬಾಯಿಪಾಠವಾಗಿತ್ತಲ್ಲ. ಅವಳು ಪೂರ್ತಿ ಕೇಳಿ ತಲೆ ಅಲ್ಲಾಡಿಸಿದಳು.

"ಅದು ನೀ ಕಲಿಸಿದ್ದು. ನಂದು ಹೆಂಗಿತ್ತು?"

ಬೈದಿದ್ದರೆ ಏನಾದರೂ ತಿರುಗಿ ಅನ್ನುತ್ತಿದ್ದೆ, ನನಗೆ ಬಾಯಿ ಜೋರು. ಅವಳು ಬೈಯಲಿಲ್ಲ. ಮನೆಯಲ್ಲಿ ಎಲ್ಲೋ ಇಟ್ಟ ಸೂಜಿಯನ್ನು ಕೇಳುವಂತೆ ಕೇಳಿ ಒಳಗೆ ಹೋದಳು. ಮಗಳದೆಂದು ಅವಳ ಬಳಿ ಇದ್ದದ್ದು ಅದೊಂದೇ. ಅದನ್ನು ನಾನು ಅಳೆದು ಅಳೆದು ಸವೆಸಿದ್ದೆ. ಉಳಿದ ಚೂರನ್ನು ಬೋರಲು ಹಾಕಿ ಅವಳ ಕಿವಿಗೆ ತುಂಬಿಸಿಕೊಂಡು ಬಂದಿದ್ದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಮೊದಲ ದಿನ ಗೆರೆ ಹಾಕಿದ ಕಾಗದದ ಪಟ್ಟಿಗಾಗಿ ಮಗ್ಗದ ಮನೆಯನ್ನೆಲ್ಲ ತಡಕಾಡಿದೆ. ಕಾರ್ಡಿನ ಕಟ್ಟೊಂದಕ್ಕೆ ಸುತ್ತಿಟ್ಟಿದ್ದೆ, ಸಿಕ್ಕಿತು. ಬಿಡಿಸಿ ನೋಡಿದರೆ ಪೆನ್ಸಿಲ್ ಗೆರೆಗಳು ಒಂದು ಹತ್ತಿರ ಒಂದು ದೂರ, ನಡುವೆ ಆ ಖಾಲಿ ಜಾಗ. ನನ್ನಲ್ಲಿ ಉಳಿದಿದ್ದ ಒಳ್ಳೆಯ ಕಾಗದ ಒಂದು ಸುರುಳಿಯದು. ಮೂರು ಲಯದ ಹಾಡಿಗೆ ಎಂದು ಅದರ ಮೇಲೆ ಗೆರೆ ಹಾಕಲು ಶುರುಮಾಡಿಯೂ ಆಗಿತ್ತು. ಬೆಳಗಾವಿಯಿಂದ ಮತ್ತೆ ತರಿಸುವಷ್ಟರಲ್ಲಿ ಬೈಲಹೊಂಗಲದ ಕೂಟ ಮುಗಿದಿರುತ್ತಿತ್ತು. ಕಾಗದವೂ ಮಾಸ್ತರರದು, ಮಾತು ಕೊಟ್ಟವನು ನಾನು. ಒಂದು ದಿನವೆಲ್ಲ ಉಳಿ ಮುಟ್ಟದೆ ಕೂತೆ. ಆಮೇಲೆ ಹಾಕಿದ ಗೆರೆಗಳನ್ನು ರಬ್ಬರಿನಿಂದ ಉಜ್ಜಿ ಅಳಿಸಿದೆ.

ಈ ಸಲ ಎಡ ಬಲ ಮರೆಯದಂತೆ ಕಾಗದದ ಎರಡೂ ಅಂಚಿಗೆ ಗುರುತು ಹಾಕಿಕೊಂಡೆ. ಅವಳು ಎಳೆದಲ್ಲಿ ಎಳೆದೆ, ಅವಸರ ಮಾಡಿದಲ್ಲಿ ಅವಸರ ಮಾಡಿದೆ. ಸೊಟ್ಟ ಕಂಡಲ್ಲಿ ನೆಟ್ಟಗೆ ಮಾಡಲು ಕೈ ತುರಿಸುತ್ತಿತ್ತು. ಎರಡನೆಯ ಸಾಲಿನ ತುದಿಗೆ ಬಂದಾಗ ನನ್ನ ಗೇಣಿನಿಂದ ಅಳೆದೆ, ಸರಿಯಾಗಿ ಒಂದು ಗೇಣು ಖಾಲಿ. ಅಷ್ಟು ಉದ್ದ ತೂತಿಲ್ಲದ ಕಾಗದ ನೋಡಿದರೆ ಹೊಡೆಯುವವನು ಮಧ್ಯದಲ್ಲಿ ಎದ್ದುಹೋದಂತೆ ಕಾಣುತ್ತಿತ್ತು. ಹಾಗೇ ಬಿಟ್ಟೆ.

ಮಾಸ್ತರರಿಗೆ ಮೂರು ಲಯದ ಸುರುಳಿ ಕೊಡಬೇಕಾದ ದಿನವೇ ಅಕ್ಕನನ್ನು ಕರೆದುಕೊಂಡು ಸವದತ್ತಿಗೆ ಹೋದೆ. ಅವರು ಸುರುಳಿ ಬಿಚ್ಚಿ ಬೆಳಕಿಗೆ ಹಿಡಿದರು.

"ಒಂದ ಸಾಲು ಅದಲ್ಲೋ. ಉಳಿದ ಎರಡು ಲಯ ಎಲ್ಲೆ?"

"ಇಲ್ರಿ. ಕಾಗದ ಇದಕ್ಕ ಹಚ್ಚಿದೆ. ಇದು ನಮ್ಮಕ್ಕಂದು."

ಅವರು ಸುರುಳಿಯನ್ನು ಮತ್ತೆ ಸುತ್ತಿಟ್ಟರು. ಮುಖ ಕಪ್ಪಿಟ್ಟಿತು. "ಬೈಲಹೊಂಗಲದವರಿಗೆ ಹೇಳಿ ಬಿಟ್ಟೇನಿ ನಾ. ನನ್ನ ಮಾತು ಹೋತಲ್ಲೋ," ಅಂದರು, ದನಿ ಏರಿಸದೆ. ನನ್ನನ್ನು ಪಕ್ಕದಲ್ಲಿ ಕೂಡಿಸಿಕೊಂಡು ಉಂಡ ಮನುಷ್ಯ, ಬಸ್ಸಿನ ಖರ್ಚನ್ನೂ ನನ್ನ ಕೈಯಿಂದ ಹಾಕಗೊಡದವರು. ನಾನು ನೆಲ ನೋಡುತ್ತ ನಿಂತೆ. ಅವರು ಅಕ್ಕನ ಕಡೆ ತಿರುಗಿದರು. ಅವಳ ಮುಖದಲ್ಲಿ ಏನು ಕಂಡರೋ, ಸುರುಳಿಯನ್ನು ತಾವೇ ಏರಿಸಿ, "ಕೂಡ್ರಿ ತಾಯಿ," ಎಂದು ಸ್ಟೂಲು ಎಳೆದು ಕೊಟ್ಟರು.

ಮೊದಲ ಸಾಲು ಏರಬೇಕಾದಲ್ಲಿ ಏರಿತು. ಅಕ್ಕನ ತುಟಿ ಅಲ್ಲಾಡಿತು. ಎರಡನೆಯ ಸಾಲು ಕುಂಟುತ್ತ, ತುಸು ಓಡುತ್ತ ಬಂದು ಮುಗಿಯಿತು. ಸುತ್ತಿಗೆಗಳು ನಿಂತವು. ಖಾಲಿ ಕಾಗದ ಹಿತ್ತಾಳೆಯ ಮೇಲೆ ಜಾರುತ್ತಿತ್ತು, ಮಾಸ್ತರರು ತುಳಿಯುತ್ತಲೇ ಇದ್ದರು. ಹಾಡಿದ್ದಾಗ ಕೇಳಿಸದಿದ್ದ ಸದ್ದೊಂದು ಆಗ ಕೇಳಿತು. ಒಳಗಿನ ಹಳೆಯ ತಿದಿಗಳು ಸುಂಯ್ ಎಂದು ಗಾಳಿ ಎಳೆದುಕೊಳ್ಳುವ ಸದ್ದು. ಅಕ್ಕ ಕತ್ತು ಬಾಗಿಸಿ ಪಿಯಾನೋದ ಹತ್ತಿರ ಕಿವಿ ತಂದಳು.

"ಹೀಂಗ ಎಳೀತಿತ್ತು ತಮ್ಮಾ," ಅಂದಳು. "ಕೂಸಿನ ಎದಿ ಹೀಂಗ ಎಳೀತಿತ್ತು. ನಿದ್ದಿ ಹತ್ತಿತೋ ಇಲ್ಲೋ, ಉಸರು ಹಗರ ಆತೋ ಇಲ್ಲೋ ಅಂತ ಕೇಳಾಕ ನಿಲ್ಲತಿದ್ದೆ ನಾ."

ಅಷ್ಟರಲ್ಲಿ ಮೂರನೆಯ ಸಾಲು ಬಂತು. ಅವಳು ಸೆರಗು ಬಾಯಿಗೆ ಒತ್ತಿಕೊಂಡು ಕೊನೆಯವರೆಗೆ ಕೇಳಿದಳು. ನಾನು ಕಂಬಕ್ಕೆ ಅಳತೆಪಟ್ಟಿ ಬಡಿದು ದಾಟಿಸಿದ್ದು ಏನನ್ನು ಎಂಬುದು ಆಗ ನನಗೆ ತಿಳಿಯಿತು. ಮಾಸ್ತರರು ಕಾಗದವನ್ನು ಹಿಂದಕ್ಕೆ ಸುತ್ತಿ ಮತ್ತೊಮ್ಮೆ ನುಡಿಸಿದರು. ಆ ಖಾಲಿ ಜಾಗ ಬಂದಾಗ ಅವರೂ ತಲೆ ಬಗ್ಗಿಸಿದ್ದರು.

ಬೈಲಹೊಂಗಲದಲ್ಲಿ ಅವರು ಬೋರಲು ಸುರುಳಿಯೊಂದನ್ನೇ ನುಡಿಸಿದರಂತೆ. ಕೆಲವರು ನಕ್ಕರಂತೆ. ನಾನು ಹೋಗಲಿಲ್ಲ, ಅವರೂ ನನ್ನನ್ನು ಕರೆಯಲಿಲ್ಲ, ಮತ್ತೆ ತೂತಿನ ಕೆಲಸ ತರಲೂ ಇಲ್ಲ.

ಅಕ್ಕ ಈಗ ಕಂಡಿಕೆ ಸುತ್ತುವಾಗ, ಸುರುಳಿಯಲ್ಲಿ ಕೇಳಿದಂತೆ, ಮತ್ತೆ ಹಾಡಿಕೊಳ್ಳುತ್ತಾಳೆ. ಹೋದದ್ದನ್ನು ತಮ್ಮ ಹುಡುಕಿ ತಂದುಕೊಟ್ಟ ಎಂದು ಓಣಿಯ ಹೆಂಗಸರ ಮುಂದೆ ಹೇಳುತ್ತಾಳೆ. ಆ ಮಾತು ಕಿವಿಗೆ ಬಿದ್ದಾಗ ನಾನು ಅಲ್ಲಿಂದ ಎದ್ದುಹೋಗುತ್ತೇನೆ. ಮೊದಲು ಅವಳು ನಿಲ್ಲುತ್ತಿದ್ದ ಹೊತ್ತು ಒಂದು ದಿನ ಇದ್ದಂತೆ ಇನ್ನೊಂದು ದಿನ ಇರುತ್ತಿರಲಿಲ್ಲ. ಕೂಸಿನ ಉಸಿರು ಒಂದೊಂದು ದಿನ ಒಂದೊಂದು ಥರ ಇತ್ತು, ಅದಕ್ಕೆ. ಈಗ ಎರಡನೆಯ ಸಾಲು ಮುಗಿದು ರಾಟೆ ನಿಂತಾಗ, ಮಗ್ಗದ ಮನೆಯಲ್ಲಿ ಕೂತ ನನ್ನ ಕೈ ತಾನಾಗಿ ಮೊಣಕಾಲಿನ ಮೇಲೆ ಗೇಣು ಬಿಚ್ಚುತ್ತದೆ. ಹೆಬ್ಬೆರಳು ಊರಿ, ಕಾಗದ ಓಡುವ ವೇಗದಲ್ಲಿ ನಿಧಾನಕ್ಕೆ ಕಿರುಬೆರಳು ಚಾಚುತ್ತೇನೆ. ಕಿರುಬೆರಳು ಊರುವ ಹೊತ್ತಿಗೆ ಸರಿಯಾಗಿ, ದಿನವೂ, ಅಕ್ಕ ಮೂರನೆಯ ಸಾಲು ಎತ್ತಿಕೊಳ್ಳುತ್ತಾಳೆ.